ಕಾಣದ ಅಲಗು

ನಮ್ಮ ಪಾವಗಡದ ಸೀಮೆಯಲ್ಲಿ ಜನರು ಮುಖವೆತ್ತಿ ಆಕಾಶವನ್ನು ನೋಡುವುದು ಮಳೆಗಾಗಿ. ಅದನ್ನು ಬಿಟ್ಟರೆ ಚುನಾವಣೆಯ ಕಾಲದಲ್ಲಿ ಹೆಲಿಕಾಪ್ಟರಿಗಾಗಿ. ಮೊದಲನೆಯದು ಅನೇಕ ಸಲ ಬರುವುದೇ ಇಲ್ಲ. ಎರಡನೆಯದು ತಡವಾಗಿಯಾದರೂ ಬರುವುದು. ಅದು ಬಂದ ಒಂದು ದಿನ ನಾನು ನಡೆದುಕೊಂಡ ರೀತಿಯನ್ನು ವಾಚಕರ ಮುಂದೆ ಒಪ್ಪಿಸಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು.

ಆಗ ನಾನು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ಶಾಲೆಯ ಮಗ್ಗುಲಿನ ಬಯಲಿನಲ್ಲಿ ಸುಣ್ಣದಿಂದ ದೊಡ್ಡ ವೃತ್ತವನ್ನು ಬರೆದು, ಸುತ್ತಲೂ ಹಗ್ಗ ಕಟ್ಟಿ, ಧೂಳೇಳದಿರಲೆಂದು ಟ್ಯಾಂಕರಿನಲ್ಲಿ ನೀರು ತಂದು ನೆಲಕ್ಕೆ ಚೆಲ್ಲಿದರು. ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರು ಆ ನೀರನ್ನು ನೋಡುತ್ತಿದ್ದ ನೋಟವನ್ನು ನಾನು ವರ್ಣಿಸಲಾರೆನು. ಬೇಸಗೆಯ ನೆಲವು ಅದಷ್ಟನ್ನೂ ಕುಡಿದು, ಬಿಸಿಲೇರುವುದರೊಳಗಾಗಿ ಮೊದಲಿನಂತೆಯೇ ಒಣಗಿಕೊಂಡಿತು.

ಬಯಲಿನ ಒಂದು ಕಡೆ ನೆಲವು ದಿಣ್ಣೆಯಾಗಿ ಏರುವುದು. ಹುಡುಗರಿಗೆ ಚೆನ್ನಾಗಿ ಕಾಣಲೆಂದು ಅವರನ್ನು ಹಗ್ಗದೊಳಕ್ಕೆ ಕರೆದೊಯ್ದು, ಆ ದಿಣ್ಣೆಯ ಮೇಲೆ ಸಾಲಾಗಿ ನಿಲ್ಲಿಸಿದೆನು. ಹೀಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ, ಬುದ್ಧಿವಂತಿಕೆಯೆಲ್ಲವೂ ನನ್ನದೇ. ಹೆಲಿಕಾಪ್ಟರು ಇಳಿಯಿತು. ಧೂಳು, ಕಡಲೆಕಾಯಿಯ ಸಿಪ್ಪೆ, ಹರಿದ ಕಾಗದ ಎಲ್ಲವೂ ಒಮ್ಮೆಗೇ ಎದ್ದು ಕಣ್ಣಿಗೆ ಕತ್ತಲೆ ಕವಿಯಿತು. ಆರನೆಯ ತರಗತಿಯ ಹುಡುಗನೊಬ್ಬನ ಹೆಗಲ ಮೇಲಿದ್ದ ಟವಲು ಹಾರಿಹೋಗಲು, ಅವನು ಅದನ್ನು ಹಿಡಿಯುವುದಕ್ಕೆ ದಿಣ್ಣೆಯಿಂದ ಕೆಳಕ್ಕೆ ಓಡಿದನು. ಯಂತ್ರದ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಪಕ್ಕದಿಂದ ನುಗ್ಗಿದ ಪೊಲೀಸಿನವನೊಬ್ಬನು ಹುಡುಗನನ್ನು ಸೊಂಟಕ್ಕೆ ತಬ್ಬಿ ಕೆಡವಿದನು. ಯಂತ್ರದ ಬಾಲವು ಅಲ್ಲಿಂದ ನಾಲ್ಕು ಮಾರು ದೂರವಿದ್ದಿರಬಹುದು.

ಆಮೇಲೆ ಅವನು ನನ್ನ ಬಳಿಗೆ ಬಂದು, "ಏನ್ ಮೇಷ್ಟ್ರೇ, ಕಣ್ಣಿಗೆ ಕಾಣಲ್ಲ ಅಂದರೆ ಅಲ್ಲಿ ಏನೂ ಇಲ್ಲ ಅಂತಲೇ?" ಎಂದನು. ನಾನು ಉತ್ತರ ಹೇಳಲಿಲ್ಲ.

ಆ ಮಾತಿನ ಅರ್ಥವನ್ನು ಅರಿಯಲು ನನಗೆ ಕೆಲವು ಕಾಲ ಹಿಡಿಯಿತು. ನಿಂತಿರುವ ಅಲಗು ಎಲ್ಲರಿಗೂ ಕಾಣುವುದು. ತಿರುಗತೊಡಗಿತೆಂದರೆ ಅದೇ ಗಾಳಿಯಲ್ಲಿ ಕರಗಿದಂತಾಗುವುದು. ಬಾಲದಲ್ಲಿರುವ ಪುಟ್ಟ ಅಲಗು ತಲೆಯ ಮೇಲಿನದಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗುವುದಾದುದರಿಂದ ಇನ್ನೂ ಕಾಣದು. ಅದು ನಡೆಸುವವನ ಬೆನ್ನ ಹಿಂದಿರುವುದರಿಂದ ಅವನಿಗೂ ಕಾಣದು. ತಲೆಯ ಮೇಲಿನ ಅಲಗುಗಳೋ, ವೇಗವು ಕುಗ್ಗುತ್ತ ಬಂದಂತೆ ತುದಿಯಲ್ಲಿ ಬಾಗಿ ಜೋಲುವುವು. ಒಂದು ಬಿರುಗಾಳಿ ಬೀಸಿದರೆ ಮತ್ತಷ್ಟು ತಗ್ಗುವುವು. ಬೆಂಗಳೂರಿನಲ್ಲಿ ತಯಾರಾಗುವ ಧ್ರುವದ ಅಲಗುಗಳು ಬೀಸುವ ವೃತ್ತದ ವ್ಯಾಸ 13.2 ಮೀಟರು. ಈ ವೃತ್ತವು ಮಟ್ಟಸವಾಗಿದ್ದು ನೆಲವು ಒಂದು ಕಡೆ ಏರಿದ್ದರೆ, ಏರಿನ ಕಡೆಯಿಂದ ಇಳಿದು ಬರುವವನ ಕತ್ತಿಗೆ ಅದು ಸರಿಯಾಗಿ ನಿಲ್ಲುವುದು. ನಾನು ಹುಡುಗರನ್ನು ನಿಲ್ಲಿಸಿದ್ದುದು ಆ ಕಡೆಯಲ್ಲಿಯೇ. ಎತ್ತಿನ ಮುಂದೆ, ಕುದುರೆಯ ಹಿಂದೆ ಸುಳಿಯಬೇಡವೆಂದು ಹಿರಿಯರು ನಮಗೆ ಕಲಿಸಿದ್ದರು. ಈ ಪ್ರಾಣಿಯ ಹಿಂದೆಯಂತೂ ಸುಳಿಯಲೇಬಾರದು. ಎದುರಿನಿಂದಲೋ ಪಕ್ಕದಿಂದಲೋ, ನಡೆಸುವವನ ಕಣ್ಣಿಗೆ ಬಿದ್ದು, ಅವನು ಸನ್ನೆ ಮಾಡಿದ ಮೇಲೆ ತಲೆ ಬಗ್ಗಿಸಿ ಹೋಗಬೇಕು.

ಬಲ್ಲವರೂ ತಪ್ಪುವರು. 2023ರ ಏಪ್ರಿಲ್ 23ರಂದು ಕೇದಾರನಾಥದಲ್ಲಿ ಬಾಲದ ಅಲಗಿಗೆ ಸಿಕ್ಕಿ ಮೃತರಾದವರು ಆ ರಾಜ್ಯದ ವಿಮಾನಯಾನ ಪ್ರಾಧಿಕಾರದ ಅಧಿಕಾರಿಯೇ ಆಗಿದ್ದರು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ನಮ್ಮ ಜೇವರ್ಗಿಯಲ್ಲಿ ಯಡಿಯೂರಪ್ಪನವರ ಹೆಲಿಕಾಪ್ಟರು ಇಳಿಯುವಾಗ ಬಯಲಿನ ಪ್ಲಾಸ್ಟಿಕ್ ಹಾಳೆಗಳು ಹಾರಿ ಮೇಲೆದ್ದುವು. ನಡೆಸುವವರು ಇಳಿಸದೆ ಮತ್ತೆ ಮೇಲಕ್ಕೇರಿಸಿದುದರಿಂದ ಅನಾಹುತವು ತಪ್ಪಿತು. ಅದಕ್ಕೆ ಒಂದು ತಿಂಗಳ ಹಿಂದೆ, ಫೆಬ್ರವರಿ 6ರಂದು, ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರಿನ ಕಾರ್ಖಾನೆಯೇ ಆರಂಭವಾಗಿತ್ತು. ಯಂತ್ರವನ್ನು ಮಾಡುವ ಜಿಲ್ಲೆಯವರು ಅದರ ಮುಂದೆ ನಿಲ್ಲುವ ಬಗೆಯನ್ನೂ ಅರಿತಿರಬೇಡವೇ?

ನನ್ನ ಸೋದರಳಿಯನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ, ನೆಲದ ಮೇಲೆ ವಿಮಾನಗಳನ್ನು ಎಳೆದು ತಳ್ಳುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ನನ್ನ ಕಥೆಯನ್ನು ಕೇಳಿ, "ನಮ್ಮಲ್ಲೂ ಹಾಗೇ, ಮಾವ. ಅಷ್ಟು ದೊಡ್ಡದು ಮೆಲ್ಲಗೆ ಹೋಗ್ತಿದ್ದರೆ ಯಾರಿಗೂ ಹೆದರಿಕೆ ಆಗಲ್ಲ," ಎಂದನು. ಅವನು ಹೇಳಿದುದನ್ನು ನಾನು ನಮ್ಮ ಬಂಡಿಯ ಭಾಷೆಯಲ್ಲಿ ತಿಳಿದುಕೊಂಡೆನು. ಟ್ರ್ಯಾಕ್ಟರು ಎತ್ತು, ಅದಕ್ಕೂ ಮುಂಗಾಲಿಗೂ ನಡುವಣ ಕಬ್ಬಿಣದ ತೊಲೆಯೇ ಮೂಕಿ. ಮೂಕಿ ಮುರಿದರೆ ಬಂಡಿಯು ತಾನೇ ಉರುಳುವುದು. ಆದುದರಿಂದ ಎಳೆಯುವಾಗ ವಿಮಾನದೊಳಗೂ ಬ್ರೇಕಿಗೆ ಒಬ್ಬನು ಕುಳಿತಿರುವನು. ರೆಕ್ಕೆಯ ತುದಿಗಳು ಎಳೆಯುವವನಿಗೆ ಚೆನ್ನಾಗಿ ಕಾಣವು. ಅದಕ್ಕಾಗಿ ತುದಿಗೊಬ್ಬನು ನಡೆಯುವನು. ಆ ತೊಲೆಯನ್ನು ಯಾರೂ ದಾಟಬಾರದು. ಹೊಟ್ಟೆಯ ಕೆಳಗೆ ಕೆಂಪು ದೀಪವು ಮಿನುಗಿತೆಂದರೆ ಎಂಜಿನಿನ ಸನಿಹಕ್ಕೆ ಹೋಗಬಾರದು. 2015ರ ಡಿಸೆಂಬರ್ 16ರಂದು ಮುಂಬಯಿಯಲ್ಲಿ, ಹಿಂದಕ್ಕೆ ತಳ್ಳಿದ್ದ ವಿಮಾನವು ನೆಲದವರು ಸರಿಯುವ ಮೊದಲೇ ಚಲಿಸಲು, ಅದರ ಎಂಜಿನು ತಂತ್ರಜ್ಞನೊಬ್ಬನನ್ನು ಒಳಕ್ಕೆ ಸೆಳೆದುಕೊಂಡಿತು. ಇದನ್ನು ಹೇಳುವಾಗ ಅಳಿಯನ ದನಿಯು ತಗ್ಗಿತು. ಒಳಗಿನಿಂದ ಅವನ ತಾಯಿಯು ಕೇಳುತ್ತಿದ್ದಳು.

ಮುಂದಿನ ಚುನಾವಣೆಯಲ್ಲಿ ಅದೇ ಬಯಲಿಗೆ ಹೆಲಿಕಾಪ್ಟರು ಬರುವುದೆಂದಾಗ ನಾನು ಗೋಣಿಚೀಲವೊಂದನ್ನು ಹಿಡಿದು ಹಗ್ಗದ ಹೊರಗೆ, ತಗ್ಗಿನ ಕಡೆಯಲ್ಲಿ ನಿಂತೆನು. ಹುಡುಗರ ಟೋಪಿ, ಟವಲು, ಕೈಯ ಬಾವುಟಗಳನ್ನೆಲ್ಲ ಕೇಳಿ ಪಡೆದು ಚೀಲಕ್ಕೆ ತುಂಬಿದೆನು. ಕೆಲವರು ಗೊಣಗಿದರು. ಕಾಲೇಜಿಗೆ ಹೋಗುವ ವಯಸ್ಸಿನ ಯುವಕನೊಬ್ಬನು ಗುಂಪನ್ನು ಬಿಡಿಸಿಕೊಂಡು ಬಂದು, "ನಂದೂ ಇಟ್ಕೊಳ್ಳಿ ಸಾರ್," ಎಂದು ನಗುತ್ತ ಹೆಗಲ ಮೇಲಿನ ಟವಲನ್ನು ಕೊಟ್ಟನು. ಧೂಳಿನಲ್ಲಿ ಅವನ ಗುರುತು ಹತ್ತುವುದಕ್ಕೆ ನನಗೆ ತುಸು ಹೊತ್ತಾಯಿತು.