ಗೆರೆಯೂ ವಾಕ್ಯವೂ

ಬಾಳಿನುದ್ದಕ್ಕೂ ವ್ಯಾಕರಣ ಬೋಧಿಸಿದ ನಮಗೆ ನಿವೃತ್ತಿಯ ಬಳಿಕ ಸಂಘದ ಸದಸ್ಯರ ಪಟ್ಟಿಯನ್ನು ಗಣಕಯಂತ್ರಕ್ಕೇರಿಸುವ ಹೊಣೆ ಒದಗಿತು. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಸದಸ್ಯರದೊಂದು ಕೋಷ್ಟಕ, ಆ ವರ್ಷದ ವಂತಿಗೆಯದೊಂದು ಕೋಷ್ಟಕ. ಆಮಂತ್ರಣದ ಪಟ್ಟಿಯಲ್ಲಿ ಹೆಸರಿನೊಡನೆ ವಂತಿಗೆಯೂ ಕಾಣಲೆಂದು ಇವೆರಡರ ನಡುವೆ ಮೌಸಿನಿಂದ ಗೆರೆ ಎಳೆದೆವು. ಒಂದಕ್ಷರವನ್ನೂ ಬರೆಯದೆ ಪಟ್ಟಿ ಸಿದ್ಧವಾಯಿತು, ಹಿಗ್ಗಿದೆವು.

ಸಮಾರಂಭ ಮುಗಿದ ಮೇಲೆ ಹಿರಿಯ ಆಜೀವ ಸದಸ್ಯರೊಬ್ಬರು ಕಾಸರಗೋಡಿನ ಪೇಟೆಯಲ್ಲಿ ಸಿಕ್ಕು, "ಮಾಷ್ಟ್ರೇ, ವರ್ಷಕ್ಕೊಮ್ಮೆ ಬರುತ್ತಿದ್ದ ಕನ್ನಡದ ಕರೆಯೂ ನಿಂತಿತೇ?" ಎಂದರು. ನಾವು ತಲೆ ತಗ್ಗಿಸಿದೆವು.

ಮನೆಗೆ ಬಂದು ಅದೇ ಪ್ರಶ್ನೆಯನ್ನು ಎಸ್‌ಕ್ಯೂಎಲ್ ರೂಪದಲ್ಲಿ ತೆರೆದಾಗ ಗೆರೆಯ ಬದಲು ವಾಕ್ಯ ಕಂಡಿತು. ನಡುವೆ 'ಇನ್ನರ್ ಜಾಯಿನ್' ಎಂದಿತ್ತು. ಎಂದರೆ ಎರಡೂ ಕೋಷ್ಟಕಗಳಲ್ಲಿ ಇರುವವರು ಮಾತ್ರ. ಆಜೀವ ಸದಸ್ಯರಿಗೆ ವಾರ್ಷಿಕ ವಂತಿಗೆಯಿಲ್ಲ. ಆದುದರಿಂದ ಅವರೆಲ್ಲರೂ ಸದ್ದಿಲ್ಲದೆ ಬಿಟ್ಟುಹೋಗಿದ್ದರು. ಅದನ್ನು 'ಲೆಫ್ಟ್ ಜಾಯಿನ್' ಎಂದು ತಿದ್ದಿದೊಡನೆ ಎಡಗಡೆಯ ಸದಸ್ಯರೆಲ್ಲರೂ ಮರಳಿದರು. ವಂತಿಗೆಯ ಅಂಕಣವಷ್ಟೇ ಖಾಲಿ ಉಳಿಯಿತು.

ಗೆರೆಯ ಮೇಲೆ ಎರಡು ಸಲ ಒತ್ತಿದರೂ ಇದೇ ತಿದ್ದುಪಡಿ ಸಾಧ್ಯವೆಂದು ಆಮೇಲೆ ತಿಳಿಯಿತು. ದೋಷ ಗೆರೆಯದಲ್ಲ, ಅದರ ಅರ್ಥ ಕೇಳದ ನಮ್ಮದು. ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಈ ಭಾಷೆಯನ್ನು ಮುಂದಿಟ್ಟಾಗ ಗಣಕತಜ್ಞರಲ್ಲದವರೂ ಬಳಸಲೆಂಬುದೇ ಅವರ ಆಶಯವಾಗಿತ್ತಂತೆ. ವಾಕ್ಯಕ್ಕೆ ಅಂಜಿದವರು ನಾವೇ, ಅದೂ ವ್ಯಾಕರಣದ ಮೇಷ್ಟರು!

ಈಗಲೂ ಗೆರೆ ಎಳೆಯುತ್ತೇವೆ, ಸುಲಭವೆಂದು. ಆದರೆ ಮುದ್ರಣಕ್ಕೆ ಕೊಡುವ ಮುನ್ನ ವಾಕ್ಯವನ್ನು ಓದಿ, ತಲೆಯೆಣಿಕೆ ಸರಿಹೋಯಿತೇ ಎಂದು ನೋಡುತ್ತೇವೆ. ಆ ಹಿರಿಯರ ಆಮಂತ್ರಣವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ಮನೆಗೇ ಹೋಗಿ ಕೊಟ್ಟುಬರುತ್ತೇವೆ.