ಮೋರಿ ಮೀನಿನ ಮರಿ

ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯ ಇಬ್ಬರು ಹುಡುಗರೊಂದಿಗೆ ಚಿಕ್ಕೋಡಿಯಿಂದ ನಿಪ್ಪಾಣಿಯ ಮೀನು ಪೇಟೆಗೆ ಹೋಗಿದ್ದೆ. ಮಾರುವಾಕೆ ಮೊಳದುದ್ದದ ಬೂದುಬಣ್ಣದ ಮೀನು ತೋರಿಸಿ "ಮೋರಿ" ಎಂದಾಗ ಹುಡುಗರು ನಕ್ಕರು. ನಮಗೆ ಮೋರಿಯೆಂದರೆ ಗಟಾರ. ಕೊಂಕಣದವರಿಗೆ ಅದು ಶಾರ್ಕ್.

ನನಗೆ ನಗು ಬರಲಿಲ್ಲ. ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಸ್ಕೋಲಿಯೋಡಾನ್ ಎಂಬ ಸಣ್ಣ ಜಾತಿಯ ಶಾರ್ಕನ್ನು ಕೊಯ್ಯುತ್ತಿದ್ದೆವು. ಒಮ್ಮೆ ನನ್ನ ತಟ್ಟೆಯ ಮೀನಿನ ಹೊಟ್ಟೆಯಲ್ಲಿ ಮರಿಗಳಿದ್ದವು, ಹೊಕ್ಕುಳಬಳ್ಳಿ ಸಮೇತ! ಮೀನೆಂದರೆ ಮೊಟ್ಟೆಯಿಡುವ ಪ್ರಾಣಿ ಎಂದೇ ತಿಳಿದಿದ್ದವನು ಬೆಪ್ಪಾದೆ. ರಕ್ತನಾಳಗಳನ್ನು ಬಿಡಿಸಿ ತೋರಿಸಿ ಅಂಕ ಪಡೆದೆ, ಮರಿಗಳನ್ನು ಬಕೆಟ್ಟಿಗೆ ಹಾಕಿದೆ.

ಬುಟ್ಟಿಯಲ್ಲಿ ಸುತ್ತಿಗೆಯಂಥ ತಲೆಯ ಮೀನೂ ಒಂದಿತ್ತು. "ಸರ, ಇದರ ಜಾತೀನ ಸಣ್ಣದೇನ್ರಿ, ಇಲ್ಲಾ ದೊಡ್ಡದರ ಮರಿರಿ?" ಎಂದ ಒಬ್ಬ. ಮರಿಯೇ. ಬೆಳೆದರೆ ಹತ್ತಡಿಯಾದೀತು. ಬಂಗಡೆ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಈ ಶಾರ್ಕ್ ಪ್ರಾಯಕ್ಕೆ ಬರಲು ವರ್ಷಗಳೇ ಬೇಕು, ಬಂದಮೇಲೂ ಬೆರಳೆಣಿಕೆಯ ಡಜನ್ ಮರಿ. ಸಿಗಡಿಗೆಂದು ಎಳೆವ ಬಲೆಗೆ ತಾಯಿ, ಮರಿ ಎಂಬ ಭೇದವಿಲ್ಲ. ಗಬ್ಬವಾಗುವ ಮೊದಲೇ ಮಣಕಗಳನ್ನೆಲ್ಲ ಮಾರಿದರೆ ಕೊಟ್ಟಿಗೆಯ ಗತಿ ಏನೆಂದು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1970ರಿಂದ 2018ರೊಳಗೆ ತೆರೆದ ಸಾಗರದ ಶಾರ್ಕ್, ತೊರಕೆ ಮೀನುಗಳು ಶೇ. 71ರಷ್ಟು ಕಡಿಮೆಯಾದವೆಂದು 2021ರಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿತು.

ಗುಜರಾತಿನ ಕತೆ ಬೇರೆ. ಮೀನುಗಳಲ್ಲೇ ದೊಡ್ಡದಾದ ತಿಮಿಂಗಿಲ ಶಾರ್ಕನ್ನು ಅಲ್ಲಿ ಎಣ್ಣೆ, ಮಾಂಸಕ್ಕಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ದೊರೆಯಿತು. ಆಮೇಲೆ ಕಥಾಕಾರ ಮೊರಾರಿ ಬಾಪು, ಅದು ಹೆರಿಗೆಗೆ ತವರಿಗೆ ಬರುವ ಮಗಳೆಂದು ಮೀನುಗಾರರಿಗೆ ಹೇಳಿದರು. ಬಲೆಗೆ ಬಿದ್ದರೆ ಬಲೆಯನ್ನೇ ಕೊಯ್ದು ಬಿಡತೊಡಗಿದರು. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟದ್ದೂ ಕೆಲಸ ಮಾಡಿತೆನ್ನಿ.

ನಮ್ಮ ಬುಟ್ಟಿಯ ಮರಿಗೆ ಅಂಥ ತವರಿರಲಿಲ್ಲ. "ದೊಡ್ಡಾವು ಬರೂದಿಲ್ಲೇನಬೇ?" ಎಂದೆ. "ಈಗೆಲ್ಲಿ ಬರ್ತಾವ್ರೀ ಸರ, ಬಂದದ್ದ ಮಾರೂದು" ಎಂದಳು. ಕೊಂಡಿದ್ದರೆ ಶಾಲೆಯ ಗಾಜಿನ ಜಾಡಿಗೆ ಒಳ್ಳೆಯ ಮಾದರಿಯಾಗುತ್ತಿತ್ತು. ಬಹಳ ಹೊತ್ತು ನಿಂತೆ. ಕೊನೆಗೆ ಹುಡುಗರಿಂದ ವಹಿಯಲ್ಲಿ ಅದರ ಚಿತ್ರ ಬರೆಯಿಸಿ, ಅರ್ಧ ಕಿಲೋ ಬಂಗಡೆ ಕಟ್ಟಿಸಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದೆವು.