ಚಾರ್ಬಾಟಿಯಾದ ಬಯಲು

ಮನುಷ್ಯನಂತೆ ನೆಲವೂ ವೃತ್ತಿ ಬದಲಾಯಿಸುವುದುಂಟು. ಕೋಟೆ ಸೆರೆಮನೆಯಾಗುತ್ತದೆ, ಸೆರೆಮನೆ ಕಾಲಕ್ರಮದಲ್ಲಿ ಪ್ರೇಕ್ಷಣೀಯ ಸ್ಥಳವಾಗಿ, ಹಿಂದೆ ಯಾರೂ ಬಯಸಿ ಕಾಲಿಡದಿದ್ದ ಜಾಗಕ್ಕೆ ಈಗ ಟಿಕೆಟ್ಟು ಕೊಂಡು ಹೋಗುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವಸರವಸರವಾಗಿ ಕಟ್ಟಿದ ವಿಮಾನನೆಲೆಗಳ ಪಾಡೂ ಇಂಥದೇ. ಯುದ್ಧ ಮುಗಿದು ವಿಮಾನಗಳು ಹಾರಿಹೋದ ಮೇಲೆ ಅವುಗಳಲ್ಲಿ ಕೆಲವು ದನ ಮೇಯುವ ಬಯಲಾದುವು, ಕೆಲವು ನಾಗರಿಕ ನಿಲ್ದಾಣಗಳಾದುವು. ಇವೆರಡೂ ಅಲ್ಲದ ಮೂರನೆಯ ಜಾತಿಯೊಂದುಂಟು. ಅಲ್ಲಿ ವಿಮಾನ ಹಾರುವುದು ಬಾಂಬು ಹಾಕುವುದಕ್ಕಲ್ಲ, ಜನರನ್ನು ಸಾಗಿಸುವುದಕ್ಕೂ ಅಲ್ಲ. ಸುಮ್ಮನೆ ನೋಡಿಕೊಂಡು ಬರುವುದಕ್ಕೆ.

ಒಡಿಶಾದ ಚಾರ್ಬಾಟಿಯಾ ಈ ಮೂರನೆಯ ಜಾತಿಯದು. ಕಟಕ್ ನಗರದಿಂದ ಮಹಾನದಿಯನ್ನು ದಾಟಿ ಉತ್ತರಕ್ಕೆ ಹೋದರೆ ಚೌದ್ವಾರ. ಅದರ ಮಗ್ಗುಲಲ್ಲೇ ಚಾರ್ಬಾಟಿಯಾ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಊರಿಗಿಂತ ಮೊದಲು ಊರಿನ ಹೆಸರು ಕಣ್ಣಿಗೆ ಬೀಳುತ್ತದೆ. ಕಟಕವೆಂದರೆ ಸೈನ್ಯ, ಸೈನ್ಯದ ಬೀಡು ಎಂಬುದು ಹಳಗನ್ನಡ ಓದಿದವರಿಗೆ ಗೊತ್ತು. ಚಾರ ಎಂದರೆ ಗೂಢಚಾರನೆಂಬುದೂ ಗೊತ್ತು. ಚಾರ್ಬಾಟಿಯಾದ 'ಚಾರ'ಕ್ಕೂ ನಮ್ಮ ನಿಘಂಟಿನ ಚಾರನಿಗೂ ನಂಟಿಲ್ಲ, ಅದು ಬರಿಯ ಕಿವಿಯ ಆಟ. ಆದರೂ ಬೀಡಿನ ಹೆಸರಿನ ನಗರದ ಪಕ್ಕದಲ್ಲಿ, ಚಾರನ ದನಿಯ ಹೆಸರಿನ ಹಳ್ಳಿಯಲ್ಲಿ, ಇತಿಹಾಸ ತನ್ನ ಗುಟ್ಟಿನ ಅಂಗಡಿಯನ್ನು ತೆರೆಯಿತೆಂಬುದು ನನಗೆ ಮೋಜಾಗಿ ಕಂಡಿದೆ.

ಮೋಜು ಇಲ್ಲಿಗೆ ಮುಗಿಯಿತು. ಮುಂದಿನ ಕಥೆ 1962ರದು.

ಅಕ್ಟೋಬರ್ 20ರಂದು ಚೀನದ ಸೈನ್ಯ ಹಿಮಾಲಯದ ಎರಡು ಕಡೆಗಳಲ್ಲಿ ಮೇಲೆಬಿತ್ತು. ನಮ್ಮ ಸೈನಿಕರು ಹತ್ತಿಯ ಉಡುಪಿನಲ್ಲಿ ಹಿಮವನ್ನು ಎದುರಿಸಿದರೆಂಬ ಮಾತು ಇಂದಿಗೂ ಮನೆಮನೆಯಲ್ಲಿ ಕೇಳಿಬರುತ್ತದೆ. ಬಟ್ಟೆಯ ಕೊರತೆಗಿಂತ ದೊಡ್ಡ ಕೊರತೆ ಇನ್ನೊಂದಿತ್ತು: ಕಣ್ಣಿನ ಕೊರತೆ. ಬೆಟ್ಟದ ಆಚೆಗೆ ಯಾವ ರಸ್ತೆ ಎಲ್ಲಿಗೆ ಬಂದಿದೆ, ಎಷ್ಟು ಜನ ಎಲ್ಲಿ ಬೀಡುಬಿಟ್ಟಿದ್ದಾರೆ ಎಂಬುದು ದಿಲ್ಲಿಗೆ ಸರಿಯಾಗಿ ತಿಳಿಯದು. ನವೆಂಬರ್ 11ರಂದು ನೆಹರೂ, ಅಮೆರಿಕದ ಯು-2 ವಿಮಾನಗಳು ಗಡಿಪ್ರದೇಶದ ಮೇಲೆ ಹಾರಿ ಚಿತ್ರ ತೆಗೆಯಲು ಅನುಮತಿ ಕೊಟ್ಟರು. ನವೆಂಬರ್ 19ರಂದು, ಬೊಮ್‌ಡಿಲಾ ಕೈಬಿಟ್ಟ ಹೊತ್ತಿನಲ್ಲಿ, ಕೆನಡಿಗೆ ಒಂದೇ ದಿನ ಎರಡು ಪತ್ರ ಬರೆದು ಯುದ್ಧವಿಮಾನಗಳನ್ನು ಕೇಳಿದರು. ಎರಡು ದಿನಗಳಲ್ಲಿ ಚೀನ ತಾನಾಗಿಯೇ ಕದನವಿರಾಮ ಸಾರಿತು. ಯುದ್ಧ ನಿಂತಿತು, ಭಯ ನಿಲ್ಲಲಿಲ್ಲ.

ಯು-2 ಎಂಬ ವಿಮಾನದ ಸಂಗತಿ ಒಂದಿಷ್ಟು ಹೇಳಬೇಕು. ಅದಕ್ಕೆ ಒಂದೇ ಎಂಜಿನ್ನು, ಒಬ್ಬನೇ ಪೈಲಟ್. ರೆಕ್ಕೆಯ ತುದಿಯಿಂದ ತುದಿಗೆ 80 ಅಡಿ. ಹದ್ದಿನಂತೆ ತೇಲುವುದಕ್ಕೆಂದೇ ಮಾಡಿದ ಮೈ. ಸುಮಾರು 70,000 ಅಡಿ ಎತ್ತರದಲ್ಲಿ, ಆಕಾಶ ನೀಲಿ ಕಳೆದುಕೊಂಡು ಕಪ್ಪಾಗುವ ಕಡೆ ಅದು ಹಾರುತ್ತದೆ. ಈ ವಿಮಾನಗಳು ಆಗ ಥಾಯ್ಲೆಂಡಿನ ತಾಖ್ಲಿ ನೆಲೆಯಿಂದ ಏಳುತ್ತಿದ್ದುವು. ಬರ್ಮಾದ ಮೇಲೆ ಹಾರಲು ಅಪ್ಪಣೆಯಿರಲಿಲ್ಲವಾಗಿ ಬಂಗಾಳ ಕೊಲ್ಲಿಯನ್ನು ಸುತ್ತಿ, ಪೂರ್ವ ಭಾರತವನ್ನು ಹಾಯ್ದು ಟಿಬೆಟ್ಟಿಗೆ ಹೋಗಬೇಕು. ಅದೇ ದಾರಿಯಲ್ಲಿ ಹಿಂದಿರುಗಬೇಕು. 1963ರಲ್ಲಿ ಇಂಥ ಒಂದು ಹಾರಾಟ 11 ಗಂಟೆ 45 ನಿಮಿಷ ನಡೆಯಿತು. ಪೈಲಟ್ ಎಷ್ಟು ಬಳಲಿದ್ದನೆಂದರೆ, ಇನ್ನು ಮುಂದೆ ಹಾರಾಟ ಹತ್ತು ಗಂಟೆ ಮೀರಬಾರದೆಂದು ಮೇಲಿನವರು ನಿಯಮ ಮಾಡಿದರು.

ದಾರಿ ಇಷ್ಟು ಉದ್ದವಾದರೆ ನಡುವೆ ಒಂದು ಚಾವಡಿ ಬೇಡವೆ? 1963ರ ಏಪ್ರಿಲಿನಲ್ಲಿ ಅಮೆರಿಕದ ರಾಯಭಾರಿ ಗಾಲ್‌ಬ್ರೇತ್ ಭಾರತದ ನೆಲದಲ್ಲೇ ಒಂದು ನೆಲೆ ಬೇಕೆಂದು ಕೇಳಿದರು. ಜೂನ್ 3ರಂದು ವಾಷಿಂಗ್‌ಟನ್ನಿನಲ್ಲಿ ಅಧ್ಯಕ್ಷ ಕೆನಡಿಗೂ ನಮ್ಮ ರಾಷ್ಟ್ರಪತಿ ರಾಧಾಕೃಷ್ಣನ್ ಅವರಿಗೂ ಈ ಮಾತು ನಡೆಯಿತು. ಭಾರತ ತೋರಿಸಿದ್ದು ಮಹಾಯುದ್ಧದ ಕಾಲದ, ಯಾರೂ ಬಳಸದೆ ಬಿಟ್ಟಿದ್ದ ಚಾರ್ಬಾಟಿಯಾದ ಓಟದ ಹಾದಿಯನ್ನು. ಆಗ ಒಡಿಶಾದ ಮುಖ್ಯಮಂತ್ರಿಯಾಗಿದ್ದವರು ಬಿಜು ಪಟ್ನಾಯಕ್. ಸ್ವತಃ ಪೈಲಟ್, 1947ರಲ್ಲಿ ಇಂಡೊನೇಶಿಯದ ನಾಯಕ ಶಹರೀರರನ್ನು ಡಚ್ಚರ ಕಣ್ಣು ತಪ್ಪಿಸಿ ವಿಮಾನದಲ್ಲಿ ಕರೆತಂದ ಸಾಹಸಿ. ಈ ನೆಲೆಯ ಹಿಂದೆ ಅವರ ಕೈಯಿತ್ತೆಂದು ಆ ಕಾಲದ ಬಗ್ಗೆ ಬರೆದವರು ಹೇಳುತ್ತಾರೆ. ಅದೇ ವರ್ಷ ನಮ್ಮದೇ ಏವಿಯೇಷನ್ ರಿಸರ್ಚ್ ಸೆಂಟರ್ ಹುಟ್ಟಿ, ಚಾರ್ಬಾಟಿಯಾ ಅದರ ಮುಖ್ಯ ನೆಲೆಯಾಯಿತು. ಅದರ ಮೊದಲ ಮುಖ್ಯಸ್ಥರು, ಮುಂದೆ 1968ರಲ್ಲಿ 'ರಾ' ಸಂಸ್ಥೆಯನ್ನು ಕಟ್ಟಿದ ಆರ್. ಎನ್. ಕಾವ್. 'ಸಂಶೋಧನೆ' ಎಂಬ ಪದವನ್ನು ನಾವು ಕಾಲೇಜಿನವರು ಮಾತ್ರ ಸಡಿಲವಾಗಿ ಬಳಸುತ್ತೇವೆಂದು ತಿಳಿದಿದ್ದೆ.

ಹಾದಿಯನ್ನು ರಿಪೇರಿ ಮಾಡುವುದು ಎಣಿಸಿದ್ದಕ್ಕಿಂತ ತಡವಾಯಿತು. ಮೊದಲ ಯು-2 ಅಲ್ಲಿಂದ ಏಳುವ ಹೊತ್ತಿಗೆ 1964ರ ಮೇ 24. ಅಷ್ಟರಲ್ಲಿ ಕೆನಡಿ ಇರಲಿಲ್ಲ. ಅದಾದ ಮೂರೇ ದಿನಕ್ಕೆ, ಮೇ 27ರಂದು, ನೆಹರೂ ತೀರಿಕೊಂಡರು. ಹಾರಾಟ ನಿಂತಿತು, ಪೈಲಟ್ಟುಗಳೂ ವಿಮಾನಗಳೂ ಹಿಂದಿರುಗಿದರೆ, ಉಳಿದ ಸಲಕರಣೆಗಳು ಅಲ್ಲೇ ಕಾದು ಕುಳಿತುವು. ಡಿಸೆಂಬರಿನಲ್ಲಿ ಗಡಿ ಮತ್ತೆ ಬಿಸಿಯೇರಿದಾಗ ವಿಮಾನಗಳು ಬಂದು ಮೂರು ಹಾರಾಟ ನಡೆಸಿದುವು. ಬೇಕಾದ ಚಿತ್ರವೆಲ್ಲ ಅವುಗಳಲ್ಲೇ ದೊರೆಯಿತು. 1967ರ ಜುಲೈಯಲ್ಲಿ ಅಮೆರಿಕನರು ಅಲ್ಲಿಯ ತಮ್ಮ ಅಂಗಡಿ ಮುಚ್ಚಿದರು. ಇಷ್ಟೆಲ್ಲ ಸಿದ್ಧತೆಗೆ ಲೆಕ್ಕಕ್ಕೆ ಸಿಕ್ಕ ಹಾರಾಟಗಳು ನಾಲ್ಕು!

ಇವಿಷ್ಟೂ ಅಧಿಕೃತವಾಗಿ ಬೆಳಕಿಗೆ ಬಂದದ್ದು 2013ರ ಆಗಸ್ಟಿನಲ್ಲಿ. ಸಿ.ಐ.ಎ. ತನ್ನ ಯು-2 ವಿಮಾನಗಳ ಬಗ್ಗೆ ಬರೆಯಿಸಿಟ್ಟುಕೊಂಡಿದ್ದ ಇತಿಹಾಸವನ್ನು, ಅಲ್ಲಿಯ ವಿದ್ವಾಂಸರು ಕಾನೂನಿನ ಮೂಲಕ ಕೇಳಿ ಹೊರತರಿಸಿದರು. ಜಗತ್ತಿನ ಪತ್ರಿಕೆಗಳು ಅದರಲ್ಲಿ ನೆವಾಡಾದ 'ಏರಿಯಾ 51' ಎಂಬ ಹೆಸರನ್ನು ಹುಡುಕಿ, ಹಾರುವ ತಟ್ಟೆಗಳ ಮಾತಾಡಿ ತೃಪ್ತಿಪಟ್ಟುವು. ನಮ್ಮ ದೇಶದ ಪುಟಗಳು ನಮ್ಮ ಪಾಲಿಗೆ ಉಳಿದುವು. ಘಟನೆಗೂ ಓದಿಗೂ ನಡುವೆ ಅರ್ಧ ಶತಮಾನ.

ಆ ಸುದ್ದಿ ಬಂದಾಗ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆದ ಚರ್ಚೆ ನೆನಪಿದೆ. ಒಬ್ಬರು, "ಅಲಿಪ್ತ ನೀತಿ ಅಂತ ಜಗತ್ತಿಗೆಲ್ಲ ಬೋಧಿಸಿ ಹಿಂಬಾಗಿಲಲ್ಲಿ ಬೇಹುವಿಮಾನ ಇಳಿಸಿಕೊಂಡರಲ್ಲ!" ಎಂದು ವಿಜಯದ ನಗೆ ನಕ್ಕರು. ಇನ್ನೊಬ್ಬರು ಹಿರಿಯರು, ನೆಹರೂ ಅವರನ್ನು ದೇವರಂತೆ ಕಂಡವರು, "ಅಮೆರಿಕದವರ ಕಾಗದ ನಂಬಬೇಡಿ" ಎಂದು ಎದ್ದುಹೋದರು. ಒಬ್ಬರಿಗೆ ಇದು ಸಿಕ್ಕಿಬಿದ್ದ ಕಳ್ಳತನ, ಮತ್ತೊಬ್ಬರಿಗೆ ಆಗಿಯೇ ಇಲ್ಲದ ಮಾತು. ನನಗೆ ಎರಡೂ ರುಚಿಸಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಪಕ್ಕದ ಮನೆಯ ಬಿಂದಿಗೆ ತಂದವನನ್ನು, ನಿನ್ನೆ ತಾನೇ ಸ್ವಾವಲಂಬನೆಯ ಭಾಷಣ ಮಾಡಿದ್ದೆಯಲ್ಲ ಎಂದು ಹಂಗಿಸುವುದು ಸುಲಭ. ಸೋವಿಯತ್ ದೇಶದಿಂದ ಮಿಗ್ ವಿಮಾನ ಕೊಳ್ಳುವ ಒಪ್ಪಂದವನ್ನು ಅದೇ 1962ರಲ್ಲಿ ಮಾಡಿಕೊಂಡಿದ್ದ ದೇಶ ನಮ್ಮದು. ಒಂದು ಕೈ ಮಾಸ್ಕೋದಲ್ಲಿ, ಒಂದು ಕೈ ವಾಷಿಂಗ್‌ಟನ್ನಿನಲ್ಲಿ. ಬಡದೇಶದ ಅಲಿಪ್ತತೆ ಸನ್ಯಾಸಿಯ ಅಲಿಪ್ತತೆಯಲ್ಲ, ಅದು ಸಂಸಾರಸ್ಥನದು.

ಗುಟ್ಟಿಗೂ ಕಾರಣವಿತ್ತು. 1960ರ ಮೇ 1ರಂದು ಪೇಶಾವರದಿಂದ ಹೊರಟ ಯು-2ನ್ನು ರಷ್ಯನರು ಹೊಡೆದು ಕೆಡವಿದ್ದರು. ಅಮೆರಿಕ ಮೊದಲು ಅದನ್ನು ಹವಾಮಾನ ನೋಡುವ ವಿಮಾನವೆಂದಿತು. ಕ್ರುಶ್ಚೇವ್ ಸಾಹೇಬರು ಜೀವಂತ ಪೈಲಟ್ಟನನ್ನೇ ಮುಂದಿಟ್ಟರು. ನೆಲ ಕೊಟ್ಟ ಪಾಕಿಸ್ತಾನ ಬೈಗುಳ ತಿಂದಿತು. 1962ರ ಸೆಪ್ಟೆಂಬರಿನಲ್ಲಿ ತೈವಾನಿನ ಪೈಲಟ್ ಹಾರಿಸುತ್ತಿದ್ದ ಇನ್ನೊಂದು ಯು-2ನ್ನು ಚೀನ ಕೆಡವಿತು. ಇದನ್ನೆಲ್ಲ ಕಂಡ ದಿಲ್ಲಿ ಬಾಯಿ ಬಿಗಿಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ನನ್ನ ಮನಸ್ಸಿಗೆ ಚುಚ್ಚುವುದು ಏನು?

ನನ್ನ ಅಜ್ಜಿ ಆ ವರ್ಷ ರಾಷ್ಟ್ರೀಯ ರಕ್ಷಣಾ ನಿಧಿಗೆ ತನ್ನ ಎರಡು ಬಳೆಗಳನ್ನು ಕೊಟ್ಟಿದ್ದಳು. ದೇಶದಲ್ಲೆಲ್ಲ ಹೆಂಗಸರು ಕೊಟ್ಟಂತೆ ಅವಳೂ ಕೊಟ್ಟಳು. ಅದರ ರಸೀದಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದಳು. ನಾನು ಹುಡುಗನಾಗಿದ್ದಾಗ ತೋರಿಸಿದ್ದಳು. ಅವಳಿಗೆ ಟಿಬೆಟ್ಟು ಗೊತ್ತಿಲ್ಲ, ಕೆನಡಿ ಗೊತ್ತಿಲ್ಲ. "ಗಡಿಯಲ್ಲಿ ನಮ್ಮ ಹುಡುಗರು ಚಳಿಯಲ್ಲಿದ್ದರಂತೆ" ಎಂಬುದಷ್ಟೇ ಗೊತ್ತು. ದೇಶ ಅವಳಿಂದ ಚಿನ್ನ ತೆಗೆದುಕೊಂಡು ರಸೀದಿ ಕೊಟ್ಟಿತು. ಲೆಕ್ಕ ಕೊಡಲಿಲ್ಲ. ಏಕೆ ಸೋತೆವು, ಯಾರ ಕಣ್ಣಿಂದ ನೋಡಿದೆವು, ಅದಕ್ಕೆ ಏನು ಬೆಲೆ ತೆತ್ತೆವು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅಂದೇ ಹೇಳಬೇಕಿತ್ತೆಂದು ನಾನು ಅನ್ನುವುದಿಲ್ಲ. ಆದರೆ ಅವಳು ಬದುಕಿರುವಷ್ಟರಲ್ಲಿ ಹೇಳಬಹುದಿತ್ತು. ಸೋಲನ್ನು ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿ 1963ರಲ್ಲೇ ಸಿದ್ಧವಾಗಿತ್ತು. ಒಂದಾದ ಮೇಲೊಂದು ಬಂದ ಸರ್ಕಾರಗಳು, ಬಣ್ಣ ಯಾವುದಾದರೂ, ಅದನ್ನು ದಶಕಗಟ್ಟಲೆ ಬೀಗದೊಳಗಿಟ್ಟುವು. 2014ರಲ್ಲಿ ಅದರ ಒಂದು ಭಾಗವನ್ನು ಜನರ ಮುಂದಿಟ್ಟವರು ಒಬ್ಬ ವಿದೇಶಿ ಪತ್ರಕರ್ತರು. ನಮ್ಮ ಮನೆಯ ಸುದ್ದಿಯನ್ನು ನಾವು ಯಾವಾಗಲೂ ಬೀದಿಯವರಿಂದಲೇ ಕೇಳಬೇಕೆ?

ಭಾರವಿಯ 'ಕಿರಾತಾರ್ಜುನೀಯ' ಆರಂಭವಾಗುವುದೇ ಒಬ್ಬ ಗೂಢಚಾರನಿಂದ. ಕಾಡಿನಲ್ಲಿರುವ ಧರ್ಮರಾಯ, ದುರ್ಯೋಧನ ಹೇಗೆ ರಾಜ್ಯವಾಳುತ್ತಿದ್ದಾನೆಂದು ತಿಳಿಯಲು ಒಬ್ಬ ವನಚರನನ್ನು ಬ್ರಹ್ಮಚಾರಿಯ ವೇಷದಲ್ಲಿ ಕಳುಹಿಸಿರುತ್ತಾನೆ. ಬಂದವನು ಹೇಳುವ ಸುದ್ದಿ ಕಹಿ: ಶತ್ರು ಚೆನ್ನಾಗಿಯೇ ಆಳುತ್ತಿದ್ದಾನೆ. ಅದನ್ನವನು ಮುಚ್ಚಿಡುವುದಿಲ್ಲ. ಧರ್ಮರಾಯನಾದರೂ ಕೇಳಿದ್ದನ್ನು ತನ್ನಲ್ಲೇ ನುಂಗಿಕೊಳ್ಳದೆ ನೇರವಾಗಿ ಹೋಗಿ ತಮ್ಮಂದಿರ ಎದುರಿಗೆ ದ್ರೌಪದಿಗೆ ತಿಳಿಸುತ್ತಾನೆ. ಅವಳು ಕೆರಳುತ್ತಾಳೆ, ಭೀಮ ವಾದಿಸುತ್ತಾನೆ. ಆ ವಾಗ್ವಾದದ ಬೆನ್ನಲ್ಲೇ ಅರ್ಜುನನ ತಪಸ್ಸಿಗೆ ದಾರಿಯಾಗುತ್ತದೆ. ತರಗತಿಯಲ್ಲಿ ಇದನ್ನು ರಾಜನೀತಿಯ ಉದಾಹರಣೆಯೆಂದು ಹೇಳುವುದು ವಾಡಿಕೆ. ಚಾರ್ಬಾಟಿಯಾದ ಕಥೆ ಓದಿದ ಮೇಲೆ ನನಗದು ಮನೆತನದ ನೀತಿಯಾಗಿ ಕಾಣುತ್ತಿದೆ. ಬೇಹಿನವನು ತಂದ ಸುದ್ದಿ ಅರಸನ ಕಿವಿಯಲ್ಲೇ ನಿಂತರೆ ಅದು ಬರಿಯ ಗುಟ್ಟು. ಅವನ ಜೊತೆಯಲ್ಲಿ ಕಷ್ಟಪಟ್ಟವರಿಗೆ ತಲಪಿದರೆ ಮಾತ್ರ ತಿಳಿವಳಿಕೆ. ಎಪ್ಪತ್ತು ಸಾವಿರ ಅಡಿ ಎತ್ತರದಿಂದ ಟಿಬೆಟ್ಟಿನ ರಸ್ತೆಗಳನ್ನು ಕಾಣುವುದು ಕಷ್ಟವಾಗಲಿಲ್ಲ. ಬಳೆ ಕೊಟ್ಟವರ ಕಣ್ಣಿಗೆ ನಮ್ಮದೇ ಒಂದು ಬಯಲು ಕಾಣಿಸಲು ಐವತ್ತು ವರ್ಷ ಹಿಡಿಯಿತು.